ನಾನು ಡಾಕ್ಟರ್ ಅಲ್ಲ ತಾತ, ನರ್ಸ್

ನರ್ಸಿಂಗ್ ಶಿಕ್ಷಣದ ಪ್ರಚಾರಾಧಿಕಾರಿಗಳ ಗಮನಕ್ಕೆ,

ಮಾನ್ಯರೇ, ಹೊಸ ವಿದ್ಯಾರ್ಥಿಗಳಿಗೆಂದು ತಾವು ಹಂಚಿದ ಬಣ್ಣದ ಕೈಪಿಡಿಯನ್ನು ಎರಡು ಸಲ ಓದಿದೆ. ಹದಿನಾರು ಪುಟ, ಇಪ್ಪತ್ತೊಂದು ನರ್ಸ್‌ಗಳು. ಎಲ್ಲರೂ ಹೆಣ್ಣುಮಕ್ಕಳು, ಎಲ್ಲರೂ ನಗುತ್ತಿದ್ದಾರೆ, ಒಬ್ಬರ ಕೈಯಲ್ಲೂ ಪೆನ್ನಿಲ್ಲ. ಒಂಬತ್ತನೇ ಪುಟದಲ್ಲಿ ಗಂಡಸೊಬ್ಬ ಕಂಡ. ಹಿಗ್ಗಿ ನೋಡಿದರೆ ಅವನು ರೋಗಿ. ಹಾಗಾದರೆ ನಾನು ಸೇರಿರುವುದು ಯಾವ ಕೋರ್ಸಿಗೆ?

ತಪ್ಪು ತಮ್ಮೊಬ್ಬರದೇ ಅಲ್ಲ, ಒಪ್ಪುತ್ತೇನೆ. ಮೊದಲ ದಿನ ನಮ್ಮ ಮೇಡಂ, ನರ್ಸ್ ಎಂದೊಡನೆ ತೋಚಿದ್ದನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆಯಿರಿ ಎಂದರು. ಕರುಣೆ, ತಾಳ್ಮೆ, ಬಿಳಿ ಬಟ್ಟೆ ಎಂದೆಲ್ಲ ಬಂದವು. ಒಂದರಲ್ಲಿ ಮಾತ್ರ 'ಡಾಕ್ಟರ್ ಆಗಲಾಗದವರು' ಎಂದಿತ್ತು. ಮೇಡಂ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ, "ಬರೆದವರು ಯಾರು ಅಂತ ಕೇಳಲ್ಲ. ಆದ್ರೆ ಕೈಬರಹ ಮಾತ್ರ ಆಗ್ಲೇ ಡಾಕ್ಟರದ್ದೇ ಆಗಿದೆ" ಎಂದರು. ತರಗತಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ; ಬರೆದವನು ನಾನೇ ಎಂದು ಗೊತ್ತಾಗಬಾರದಲ್ಲ!

ಮುಂದಿನ ತಿಂಗಳು ವಾರ್ಡಿಗೆ ಹೋದೆವು. ಗಂಡಸಾದ ಒಂದೇ ಅರ್ಹತೆಯಿಂದ ನಾನು ಕಾಲಿಟ್ಟ ಕೂಡಲೇ ಡಾಕ್ಟರಾದೆ. ಹತ್ತು ವರ್ಷ ಅನುಭವದ ಲೇಡಿ ಡಾಕ್ಟರಿಗೆ ಜನ, "ಸಿಸ್ಟರ್, ಬೆಡ್‌ಶೀಟ್ ಬದಲಾಯಿಸಿ" ಎನ್ನುತ್ತಿದ್ದರು. ನಾನು ಯಾರನ್ನೂ ತಿದ್ದಲಿಲ್ಲ. ಸುಳ್ಳೇಕೆ, ಹಿತವಾಗಿತ್ತು.

ಕಿಟಕಿ ಪಕ್ಕದ ಮಂಚದಲ್ಲಿ ನಿವೃತ್ತ ಬಸ್ ಚಾಲಕರೊಬ್ಬರಿದ್ದರು. ವಾರದಿಂದ ದಿನಕ್ಕೆರಡು ಮಾತ್ರೆ ಕೊಟ್ಟರೂ ಬಿಪಿ ಇಳಿದಿರಲಿಲ್ಲ. ನಾಳೆಯಿಂದ ಡೋಸ್ ದುಪ್ಪಟ್ಟು ಮಾಡೋಣ ಎಂದು ಅದೇ ಲೇಡಿ ಡಾಕ್ಟರ್ ಹೇಳಿ ಹೋಗಿದ್ದರು. ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತುತ್ತ, ಹೇಗಿದ್ದೀರಿ ಎಂದೆ.

"ಫಸ್ಟ್ ಕ್ಲಾಸ್ ಡಾಕ್ಟ್ರೇ, ಏನೂ ತೊಂದ್ರೆ ಇಲ್ಲ."

ಪಕ್ಕದಲ್ಲೇ ನಿಂತಿದ್ದ ಹಿರಿಯ ಸಿಸ್ಟರ್ ನನ್ನತ್ತ ನೋಡಿದರು. ಕಿವಿ ಬಿಸಿಯಾಯಿತು. "ನಾನು ಡಾಕ್ಟರ್ ಅಲ್ಲ ತಾತ, ನರ್ಸ್. ಅದೂ ಇನ್ನೂ ಕಲೀತಿದೀನಿ."

"ಮೊದ್ಲೇ ಹೇಳ್ಬಾರ್ದಾ ಮಗಾ! ಹಾಗಾದ್ರೆ ನಿನ್ಹತ್ರ ನಿಜ ಹೇಳ್ಬಹುದು." ತಾತ ದಿಂಬಿನ ಕವರಿನೊಳಗೆ ಕೈ ಹಾಕಿ ಕಾಗದದ ಪೊಟ್ಟಣವೊಂದನ್ನು ತೆಗೆದರು. ಬಿಚ್ಚಿದರೆ ಒಂಬತ್ತು ಮಾತ್ರೆ! "ಇದು ನುಂಗಿದ್ರೆ ತಲೆ ಗಿರ್ರಂತ ತಿರುಗುತ್ತೆ. ಡಾಕ್ಟ್ರಿಗೆ ಹೇಳಿದ್ರೆ ಬೈತಾರೆ."

ಸಿಸ್ಟರ್ ಬೈಯಲಿಲ್ಲ. ಮಂಚದ ಅಂಚಿಗೆ ಕೂತು, ಯಾವಾಗ, ಎಷ್ಟು ಹೊತ್ತು, ಎದ್ದಾಗಲೋ ಕೂತಾಗಲೋ ಎಂದು ಒಂದೊಂದೇ ಕೇಳಿ ಬರೆದುಕೊಂಡರು. ಆಮೇಲೆ ಆ ಡಾಕ್ಟರಿಗೆ ಫೋನ್ ಮಾಡಿ, "ಡೋಸ್ ಏರಿಸೋದು ಬೇಡ ಮೇಡಂ. ಇವರು ನುಂಗ್ತಾನೇ ಇಲ್ಲ. ನುಂಗಿದ ದಿನ ಬಿದ್ದೇಹೋಗೋ ಹಾಗಾಗಿದೆ" ಎಂದರು. ಮಾತ್ರೆ ಬದಲಾಯಿತು. ಐದನೇ ದಿನ ತಾತ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು ಮನೆಗೆ ಹೋದರು.

ಇದಕ್ಕೆ ಕರುಣೆಯೊಂದೇ ಸಾಕಿತ್ತೇ, ಮಾನ್ಯರೇ? ಏನು ಕೇಳಬೇಕೆಂಬ ತಿಳಿವಳಿಕೆ, ಡಾಕ್ಟರಿಗೆ ಬೇಡ ಎನ್ನುವ ಧೈರ್ಯ ಇವೆಲ್ಲ ಯಾವ ಪುಟದಲ್ಲಿವೆ? ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಕೈಪಿಡಿಯನ್ನು ಹೊಸದಾಗಿ ಮಾಡಿಸಿ. ಅದಕ್ಕೂ ಮೊದಲು ತಮ್ಮ ಫೋಟೋಗ್ರಾಫರನ್ನು ಒಂದು ಬೆಳಿಗ್ಗೆ ವಾರ್ಡಿಗೆ ಕಳಿಸಿ. ಸಿಸ್ಟರ್ ಕ್ಯಾಮೆರಾ ಕಡೆ ನೋಡದಿದ್ದರೆ ಬೇಸರ ಬೇಡ. ಯಾರದೋ ನಾಡಿ ಎಣಿಸುತ್ತಿರುತ್ತಾರೆ.

ಇಂತಿ,
ಸೂಜಿ ಹಿಡಿಯಲು ಇನ್ನೂ ಅಪ್ಪಣೆ ಸಿಗದ,
ಮೊದಲ ವರ್ಷದ ಒಬ್ಬ ನರ್ಸ್