ಕುಂಕುಮ ಹತ್ತಿದ ಬೋರ್ಡು

ಮುನಿರ್ಕಾ, ಹೊಸದಿಲ್ಲಿ
18 ಫೆಬ್ರವರಿ 2025, ಮಂಗಳವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಮಗುವಿಗೆ ನೀರೆರೆಯಲು ಕಾಲು ಚಾಚಿ ಕೂತರೆ ಏಳಲು ಒಬ್ಬರು ಕೈ ಹಿಡಿಯಬೇಕು ಅಂತ ವಿಮಲಕ್ಕ ಹೇಳಿದಳು. ಅವಳ ಅತ್ತೆಯೂ ಒಂದೆರಡು ದಿನ ಎರೆಯಲಿ ಬಿಡು, ಅವರಿಗೂ ಅವನು ಮೊಮ್ಮಗನೇ ಅಲ್ಲವೇ. ಅಕ್ಕನಿಗೆ ಹಾಲು ಸರಿಯಾಗಿ ಬರುತ್ತಿದೆಯೇ? ದಿನಾ ಫೋನ್ ಮಾಡುವವನು ಈಗೇಕೆ ಕಾಗದ ಬರೆಯುತ್ತಿದ್ದಾನೆ ಎಂದುಕೊಳ್ಳಬೇಡ. ಫೋನ್ ಹಿಡಿದರೆ ಅಪ್ಪ ಪಕ್ಕದಲ್ಲೇ ಬಂದು ಕೂತು ಸ್ಪೀಕರ್ ಹಾಕು ಅನ್ನುತ್ತಾರೆ. ವಾಟ್ಸಾಪಿನಲ್ಲಿ ಹಾಕಿದರೆ, ಆ ಸಣ್ಣ ಅಕ್ಷರ ಕಾಣದ ನಿನಗೆ ಓದಿ ಹೇಳುವವಳು ಅಕ್ಕ. ಹಸಿ ಬಾಣಂತಿಗೆ ಇದೆಲ್ಲ ಬೇಡ. ಅಪ್ಪ ಕೆಲಸಕ್ಕಿದ್ದ ಅತಿಥಿಗೃಹದ ಡ್ರೈವರ್ ಮಹಂತೇಶ್ ಇವತ್ತಿನ ವಿಮಾನದಲ್ಲಿ ರಜೆಗೆ ಮೈಸೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನೊಬ್ಬಳೇ ಓದು.

ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಆದರೆ ತುಂಬಾ ದಣಿದಿದ್ದೇನಮ್ಮ. ಶನಿವಾರ ಅನನ್ಯಾ ಅಂತ ಧಾರವಾಡದ ಹುಡುಗಿಯೊಬ್ಬಳು ರಿಪೇರಿಗೆ ಲ್ಯಾಪ್‌ಟಾಪ್ ತಂದುಕೊಟ್ಟಳು. ಇಲ್ಲೇ ಪಕ್ಕದ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಾಳೆ, ಈ ತಿಂಗಳ ಕೊನೆಗೆ ಥೀಸಿಸ್ ಒಪ್ಪಿಸಬೇಕಂತೆ. ಬ್ಯಾಟರಿ ಉಬ್ಬಿತ್ತು, ಅಷ್ಟೇ. ಭಾನುವಾರ ಹೊಸದು ಹಾಕಿ, ಆನ್ ಮಾಡಿ ನೋಡಿ, ಅಂಗಡಿಯ ಮೇಜಿನ ಮೇಲಿಟ್ಟು ಮಹಡಿಯ ಮನೆಗೆ ಬಂದೆ. ನಿನ್ನೆ ಬೆಳಿಗ್ಗೆ ಅಪ್ಪ ಎಂದಿನಂತೆ ನನಗಿಂತ ಮೊದಲೇ ಕೆಳಗಿಳಿದು ಅಂಗಡಿಯ ಶಟರ್ ತೆಗೆದಿದ್ದರು. ನಾನು ಹೋಗಿ ಗುಂಡಿ ಒತ್ತಿದರೆ ಲ್ಯಾಪ್‌ಟಾಪಿಗೆ ಜೀವವೇ ಇಲ್ಲ. ಚಾರ್ಜರ್ ಸಿಕ್ಕಿಸಿದರೆ ಮೀಟರು ಐದು ವೋಲ್ಟಿನಲ್ಲೇ ನಿಂತಿತು, ಬೇಕಾದ ಇಪ್ಪತ್ತಕ್ಕೆ ಏರಲೇ ಇಲ್ಲ. ಆ ಜಾತಿಯ ಲ್ಯಾಪ್‌ಟಾಪಿನಲ್ಲಿ ಡಿಸ್ಕು ಬೇರೆ ಇರುವುದಿಲ್ಲ, ಬೋರ್ಡಿಗೇ ಬೆಸೆದಿರುತ್ತದೆ. ಬೋರ್ಡು ಹೋದರೆ ಅವಳ ಬರಹವೆಲ್ಲ ಹೋದ ಹಾಗೆ.

ಮೊದಲು ನನ್ನದೇ ತಪ್ಪು ಎಂದುಕೊಂಡೆ. ಚಿಕ್ಕ ಸ್ಕ್ರೂ ಹಾಕುವ ಕಡೆ ಉದ್ದದ್ದು ಹಾಕಿದರೆ ಅದು ಬೋರ್ಡನ್ನೇ ಕೊರೆದುಬಿಡುತ್ತದೆ. ಬಿಚ್ಚಿ ನೋಡಿದೆ, ಸ್ಕ್ರೂಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಆಮೇಲೆ ಬೋರ್ಡಿಗೆ ಸ್ಪಿರಿಟ್ ಹಚ್ಚಿ ಸ್ವಲ್ಪವೇ ಕರೆಂಟ್ ಕೊಟ್ಟು ಕೂತೆ. ಎಲ್ಲಿ ಶಾರ್ಟ್ ಆಗಿದೆಯೋ ಅಲ್ಲಿ ಬಿಸಿಯಾಗಿ ಸ್ಪಿರಿಟ್ ಮೊದಲು ಆರುತ್ತದೆ. ಎಳ್ಳುಕಾಳಿನಷ್ಟಿರುವ ಒಂದು ಕೆಪಾಸಿಟರ್ ಸುತ್ತ ಆರಿತು. ಅದರ ಬುಡದಲ್ಲಿ ಕೆಂಪಗೆ ಏನೋ ಮೆತ್ತಿಕೊಂಡಿತ್ತು, ಇನ್ನೂ ಒದ್ದೆ. ಮುನಿರ್ಕಾದಲ್ಲಿ ಕೆಂಪು ಅಂದರೆ ಮೋಮೋ ಚಟ್ನಿ ತಾನೇ? ಸಿಟ್ಟು ಬಂದು ಆ ಹುಡುಗಿಗೇ ಫೋನ್ ಮಾಡಿ, ಚಟ್ನಿ ಚೆಲ್ಲಿ ನನ್ನ ತಲೆಗೆ ಕಟ್ಟುತ್ತೀಯಾ ಅಂತ ದಬಾಯಿಸಿದೆ. "ನಾ ಏನೂ ಚೆಲ್ಲಿಲ್ಲರೀ ಅಣ್ಣಾ, ಖರೇನ ಹೇಳ್ತೀನಿ" ಅಂತ ಪಾಪ ಅಳುವ ಹಾಗಾದಳು. ಫೋನ್ ಇಟ್ಟು ಮೂಸಿ ನೋಡಿದೆ. ಖಾರದ ವಾಸನೆ ಇರಲಿಲ್ಲ, ನಮ್ಮ ದೇವರ ಗೂಡಿನ ವಾಸನೆ ಇತ್ತು.

ತಿರುಗಿ ನೋಡಿದರೆ ಹಿಂದಿನ ಹಗ್ಗದ ಮೇಲೆ ನಿನ್ನ ಪೂಜೆಯ ಒರೆಸುವ ಬಟ್ಟೆಯಿಂದ ಕುಂಕುಮದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಚಿಮಟ, ಬೆಸುಗೆಯ ಸ್ಟ್ಯಾಂಡು, ಮೀಟರು ಎಲ್ಲದರ ಸಂದಿಯಲ್ಲೂ ಅದೇ ತೇವ, ಲ್ಯಾಪ್‌ಟಾಪಿಗೂ ಅದು ಗಾಳಿಕಿಂಡಿಯಿಂದ ಇಳಿದಿತ್ತು. ಅಪ್ಪ ಬಾಗಿಲಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಕೇಳಿದೆ. "ನಾಳೆ ಆಯುಧಪೂಜೆ ಕಣೋ, ಎಲ್ಲಾ ಎಷ್ಟು ಗಲೀಜಾಗಿತ್ತು, ಚೆನ್ನಾಗಿ ಒರೆಸಿಟ್ಟಿದೀನಿ. ಸಂಜೆ ನಿಮ್ಮಮ್ಮ ಬಂದ್ಮೇಲೆ ಹೂ ಇಟ್ರಾಯ್ತು" ಅಂದರು. ಅಕ್ಟೋಬರಿನ ಆಯುಧಪೂಜೆಗೆ ನೀನೇ ಚೆಂಡುಹೂ ತಂದಿದ್ದೆ, ಬೂದುಗುಂಬಳ ಒಡೆದದ್ದು ಅವರೇ. ಆಗ ಮೀಟರಿಗೆ ಬೊಟ್ಟಿಡಲು ಹೋದ ನನಗೆ, ಒದ್ದೆ ಕೈಯಲ್ಲಿ ಮುಟ್ಟಬೇಡ ಅಂತ ಬೈದವರೂ ಅವರೇ. ಒಳಗೆ ಬಂದು ಬೋರ್ಡು ತೊಳೆಯುತ್ತಾ ಕೂತೆ.

ಆ ಕೆಪಾಸಿಟರ್ ಕಿತ್ತು ಬೇರೆ ಹಾಕಿದೆ, ಸಂಜೆಗೆ ಲ್ಯಾಪ್‌ಟಾಪ್ ಆನ್ ಆಯಿತು. ಥೀಸಿಸ್ ಇದೆ. ಅನನ್ಯಾ ಬಂದಾಗ ತಪ್ಪು ನಮ್ಮದೇ ಅಂತ ಹೇಳಿದೆ, ಯಾರದು ಅಂತ ಹೇಳಲಿಲ್ಲ. ಖುಷಿಯಲ್ಲಿ ಅವಳು ಅಪ್ಪನ ಕಾಲಿಗೂ ನಮಸ್ಕಾರ ಮಾಡಿ ಹೋದಳು. ನನಗೆ ಮಾತ್ರ ಸ್ವಲ್ಪವೂ ಖುಷಿಯಾಗಲಿಲ್ಲ. ಕಳೆದ ವಾರ ಹಾಲಿನ ಭಯ್ಯಾ, ಅಂಕಲ್‌ಜೀ ಒಂದೇ ಬೆಳಿಗ್ಗೆ ಎರಡು ಸಲ ಬಂದು ಹಾಲು ಒಯ್ದರು ಅಂತ ನಕ್ಕಿದ್ದ, ನಾನೂ ನಕ್ಕಿದ್ದೆ. ನೀನಿಲ್ಲದೆ ಬೇಜಾರು, ಅದಕ್ಕೇ ಹೀಗೆ ಅಂದುಕೊಂಡಿದ್ದೆ. ಅತಿಥಿಗೃಹದ ಉಗ್ರಾಣದಲ್ಲಿ ಒಂದು ಚಮಚ ಕಾಣೆಯಾದರೂ ಯಾವ ಕೋಣೆಗೆ ಹೋಗಿದೆ ಅಂತ ಹೇಳುತ್ತಿದ್ದ ಮನುಷ್ಯ. ನಾಮಕರಣಕ್ಕೆ ಈ ಗುರುವಾರದ ರೈಲಿನಲ್ಲಿ ಒಬ್ಬರೇ ಬರುತ್ತಾರಲ್ಲ, ಅದಕ್ಕೆ ಈಗಲೇ ಬಟ್ಟೆ ಮಡಚಿಟ್ಟು, ಮಗುವಿಗೆ ಬೆಳ್ಳಿ ಉಡಿದಾರವನ್ನೂ ತಂದಿಟ್ಟುಕೊಂಡಿದ್ದಾರೆ. ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಾರೆ.

ಅಕ್ಕನಿಗೂ ಭಾವನಿಗೂ ನನ್ನ ನೆನಪು ತಿಳಿಸು. ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು. ಮೆಂತ್ಯದ ಲಾಡನ್ನು ಅಕ್ಕನಿಗೆ ಕೊಟ್ಟು ನೀನು ಬರೀ ಡಬ್ಬಿ ನೆಕ್ಕಬೇಡ, ನೀನೂ ತಿನ್ನು.

ನಿನ್ನ ಮಗ,
ಜೀವನ್

ಮರೆತಿದ್ದೆ: ಮಹಂತೇಶ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮರೆತಿರಲಿಲ್ಲ ಅಮ್ಮ, ಬರೆಯಲು ಧೈರ್ಯ ಬರಲಿಲ್ಲ. ಅಪ್ಪನ ಟಿಕೆಟ್ ರದ್ದು ಮಾಡಿದ್ದೇನೆ. ಅವರಿಗಿನ್ನೂ ಗೊತ್ತಿಲ್ಲ. ನರಗಳ ಡಾಕ್ಟರು ಮುಂದಿನ ವಾರದ ಗುರುವಾರ ಕರೆದಿದ್ದಾರೆ, ಇಷ್ಟು ವರ್ಷ ಜೊತೆಗಿದ್ದು ನೋಡಿದವರು ಬರಲೇಬೇಕಂತೆ. ನಾಮಕರಣ ಮುಗಿಸಿ ಸೋಮವಾರದ ರೈಲಿಗೆ ನೀನು ಹೊರಡು, ಟಿಕೆಟ್ ಮಾಡಿಸಿದ್ದೇನೆ. ಬಾಣಂತಿಯನ್ನು ಬಿಟ್ಟು ಬಾ ಅನ್ನುವುದು ಎಂಥ ಮಾತು ಅಂತ ನನಗೂ ಗೊತ್ತು, ಅಕ್ಕನಿಗೆ ಆಮೇಲೆ ನಾನೇ ಹೇಳುತ್ತೇನೆ. ನೀನು ಕಾಗದ ಓದಿದ ಕೂಡಲೇ ಅಪ್ಪನಿಗೆ ಫೋನ್ ಮಾಡಿ, ನೀವು ಬರಬೇಡಿ, ನಾನೇ ಬರ್ತಿದೀನಿ ಅನ್ನು. ನಿನ್ನ ಮಾತಾದರೆ ಒಪ್ಪುತ್ತಾರೆ. ಪೂಜೆಯ ವಿಷಯ ಮಾತ್ರ ಎತ್ತಬೇಡ. ಮನಸ್ಸು ತಡೆಯದೆ ನಿನ್ನೆ ರಾತ್ರಿ ಊಟದ ಹೊತ್ತಿಗೆ ನಾನು ಕ್ಯಾಲೆಂಡರ್ ತೋರಿಸಿದೆ. ಅಪ್ಪ ಫೆಬ್ರವರಿಯ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ನಿಮ್ಮಮ್ಮನಿಗೆ ಹೇಳ್ಬೇಡ್ವೋ" ಅಂದರು.