ಒಂದು ಹಿಡಿ ಚುರುಮುರಿ ಕೊಟ್ಟ ಸಾಹೇಬರಿಗೆ

ಮಾನ್ಯ ತಪಾಸಣಾಧಿಕಾರಿಗಳೇ,

ಗುಡಗೇರಿ ಸಂತೆಯಲ್ಲಿ ನನ್ನ ಅಕ್ಕನ ಮಗಳು ಬಾಯಿಬಿಟ್ಟು ಕೇಳುವ ಮೊದಲೇ ನೀವು ಅವಳ ಚೀಲಕ್ಕೆ ಒಂದು ಹಿಡಿ ಚುರುಮುರಿ ಸುರಿದಿರಿ. ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಂಡಿರಿ. ವಾರ ಕಳೆಯುವುದರೊಳಗೆ ಆ ಮಗುವಿಗೆ ಮಾತು ಕಲಿಸುತ್ತಿದ್ದ ರುಬಿಯಾ ಟೀಚರಿಗೆ ನೋಟಿಸು ಕಳಿಸಿ, ವಿಚಾರಣೆ ಮುಗಿಯುವವರೆಗೆ ಕೇಂದ್ರಕ್ಕೆ ಬರಬಾರದೆಂದಿರಿ. ಚುರುಮುರಿಗೆ ನಾವು ಧನ್ಯವಾದ ಹೇಳಲಿಲ್ಲವೆಂದು ನಿಮ್ಮ ಜೊತೆ ಬಂದವರು ಗೊಣಗಿದರಂತೆ. ಈಗಲೂ ಹೇಳುವುದಿಲ್ಲ. ಅದರ ಕಾರಣ ನಿಮಗೆ ಯಾರೂ ಹೇಳಿಲ್ಲವೆಂದು ಕಾಣುತ್ತದೆ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ನಾನು ಓದಿದ್ದು ಹತ್ತನೇ ತರಗತಿ. ತಪ್ಪಿದ್ದರೆ ತಿದ್ದಿಕೊಂಡು ಓದಿ. ತಿದ್ದುವ ಕೆಲಸ ನಿಮಗೆ ಇಷ್ಟವಾದದ್ದೇ ಅಲ್ಲವೇ?

ಮಗುವಿನ ಹೆಸರು ಮಲ್ಲಮ್ಮ, ನಾವು ಕರೆಯುವುದು ಮಲ್ಲಿ. ಮೂರು ವರ್ಷ ತುಂಬಿದರೂ ಅವಳು ಒಂದು ಮಾತು ಆಡಿರಲಿಲ್ಲ. ಕರೆದರೆ ತಿರುಗುತ್ತಾಳೆ, ಹೇಳಿದ್ದು ತಿಳಿಯುತ್ತದೆ, ನಗುತ್ತಾಳೆ, ಸಿಟ್ಟು ಬಂದರೆ ಕಚ್ಚುತ್ತಾಳೆ. ಮಾತು ಮಾತ್ರ ಇಲ್ಲ. ಊರೆಲ್ಲ ವೈದ್ಯರಾದರು. ಒಬ್ಬರು ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿ ಎಂದರು, ಹಚ್ಚಿದೆವು. ಇನ್ನೊಬ್ಬರು, "ಅವರಪ್ಪನೂ ತಡಾ ಮಾತಾಡಿದ್ದ, ಈಗ ನೋಡ್ರಿ, ಬಾಯಿ ಮುಚ್ಚಸಾಕ ಆಗೂದಿಲ್ಲ" ಎಂದು ನಕ್ಕರು. ಅಕ್ಕ ಸುಮಂಗಲಾ ನಗಲಿಲ್ಲ. ಹುಬ್ಬಳ್ಳಿಗೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿದಳು. ಕಿವಿ ಸರಿ ಇದೆ, ಮಾತಿನ ತರಬೇತಿ ಬೇಕು, ತಡಮಾಡಬೇಡಿ ಎಂದು ಅಲ್ಲಿ ಹೇಳಿ ಕಳಿಸಿದರು. ಆಗಲೇ ನಮ್ಮ ಸಂತೆಯ ಹಿಂದಿನ ಓಣಿಯಲ್ಲಿ, ಮಕ್ಕಳಿಗೆ ಮಾತು ಕಲಿಸುವ ನಿಮ್ಮ ಸರಕಾರಿ ಕೇಂದ್ರ ತೆರೆದಿತ್ತು.

ಕೇಂದ್ರ ಎಂದರೆ ಒಂದು ಕೋಣೆ. ಗೋಡೆಯ ತುಂಬ ಚಿತ್ರ: ಹಡಗು, ಪೆಂಗ್ವಿನ್, ಮಂಜಿನ ಮನೆ. ಗುಡಗೇರಿಯ ಮಗು ಬೆಳಗಾಗೆದ್ದು ಹಡಗು ಬೇಕೆಂದು ಹಟ ಮಾಡುತ್ತದೆಯೇ? ಗಾಜಿನ ಕಪಾಟಿನಲ್ಲಿ ಆಟಿಕೆಗಳಿದ್ದವು, ಹೊಚ್ಚಹೊಸವು, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದವು. ಕೀಲಿ ನಿಮ್ಮ ಕಚೇರಿಯಲ್ಲಿ. ಮಕ್ಕಳು ಮುಟ್ಟಿದರೆ ಹಾಳಾಗುತ್ತವೆಯಂತೆ. ಆಡುತ್ತ ಮಾತು ಕಲಿಯಲಿ ಎಂದು ಆಟಿಕೆ ಕಳಿಸಿ, ಆಡಬಾರದೆಂದು ಬೀಗ ಹಾಕುವ ಬುದ್ಧಿ ಎಲ್ಲರಿಗೂ ಬರುವುದಿಲ್ಲ. ಅದಕ್ಕೆ ದೊಡ್ಡ ಹುದ್ದೆಯೇ ಬೇಕು.

ರುಬಿಯಾ ಟೀಚರ್ ಕುಂದಗೋಳದಿಂದ ಬರುತ್ತಿದ್ದರು. ಕೋಣೆಯಲ್ಲಿ ಮಲ್ಲಿಯನ್ನು ಒಂದಷ್ಟು ದಿನ ನೋಡಿದವರು ಒಂದು ದಿನ ನಮ್ಮ ಮನೆಗೇ ಬಂದು ಮೂಲೆಯಲ್ಲಿ ಕೂತರು. ಮಲ್ಲಿ ನೀರಿನ ಕೊಡದ ಕಡೆ ನೋಡಿದಳು. ಅಷ್ಟರಲ್ಲಿ ಅವಳ ಅಜ್ಜಿ, ನಮ್ಮವ್ವ, ನೀರು ತಂದು ಕುಡಿಸಿದಳು. ಮಲ್ಲಿ ನನ್ನ ಕೈ ಹಿಡಿದು ರೊಟ್ಟಿಯ ಬುಟ್ಟಿಯ ಕಡೆ ಎಳೆದಳು. ನಾನು ರೊಟ್ಟಿ ಮುರಿದು ಕೊಟ್ಟೆ. ಟೀಚರ್ ನಕ್ಕರು.

"ಅಮ್ಮಾ, ನಿಮ್ಮ ಮನ್ಯಾಗ ಈಕಿ ಯಾಕ ಮಾತಾಡಬೇಕ್ರಿ? ಕಣ್ಣ ಹೊರಳಿಸಿದ್ರ ಸಾಕು, ಎಲ್ಲಾ ಬರತೈತಿ. ನನಗೂ ಇಂಥಾ ಮನಿ ಸಿಕ್ರ ನಾನೂ ಸುಮ್ಮನ ಕುಂಡ್ರತೀನಿ."

ನಮ್ಮವ್ವನಿಗೆ ಸಿಟ್ಟು ಬಂತು. "ಅಂದ್ರ ನಾ ಜ್ವಾಕಿ ಮಾಡಿದ್ದಕ್ಕ ಕೂಸು ಮೂಕ ಆತೇನ?"

"ಅಲ್ರಿ ಅಮ್ಮಾ, ನಿಮ್ಮಿಂದ ಆಗಿಲ್ಲ. ಕೆಲವು ಮಕ್ಕಳಿಗೆ ಹಂಗ ಇರತೈತಿ, ಯಾರ ತಪ್ಪೂ ಅಲ್ಲ. ಆದ್ರ ಈಗ ಆಕಿಗೆ ಕೇಳಾಕ ಒಂದೀಟ ಜಾಗಾ ಬಿಡ್ರಿ. ಕೊಡಬ್ಯಾಡ್ರಿ ಅನ್ನಾಕತ್ತಿಲ್ಲ. ಕೊಡೂಕಿಂತ ಮೊದಲ ಆಕಿ ಮುಖಾ ನೋಡಿಕೋಂತ ಸ್ವಲ್ಪ ತಡೀರಿ."

ತಡೆಯುವುದು ಎಂಬ ಕೆಲಸ ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಮಗು ಮುಖ ಸಣ್ಣದು ಮಾಡಿದರೆ ಅವ್ವ ಕೊಟ್ಟೇಬಿಡುತ್ತಾಳೆ. ಇದನ್ನು ನೋಡಿಯೇ ಟೀಚರ್ ಸಂತೆಗೆ ಹೊರಟದ್ದು. ಸಂತೆಯಲ್ಲಿ ಅಜ್ಜಿ ಇಲ್ಲ. ಅಲ್ಲಿ ಪ್ರತಿಯೊಬ್ಬರೂ ಕೇಳಲೇಬೇಕು, ತೂಕ ಮುಗಿದ ಮೇಲೂ "ಇನ್ನೊಂದೀಟ ಹಾಕ" ಎಂದು ಕೊಸರು ಕೇಳಬೇಕು. ಕೇಳದವರಿಗೆ ನಮ್ಮ ಸಂತೆಯಲ್ಲಿ ಯಾರೂ ಕೊಸರು ಹಾಕುವುದಿಲ್ಲ. ಮಾತು ಕಲಿಯಲು ಇದಕ್ಕಿಂತ ಒಳ್ಳೆಯ ಆಟ ನಿಮ್ಮ ಕಪಾಟಿನಲ್ಲಿತ್ತೇ? ಮೂರು ನಾಲ್ಕು ಮಕ್ಕಳು, ಜೊತೆಗೆ ಅವರ ತಾಯಂದಿರು, ಪ್ರತಿ ಮಗುವಿನ ಕೈಯಲ್ಲಿ ಒಂದು ಸಣ್ಣ ಚೀಲ. ಒಂದು ಮಗು ಬದನೆಕಾಯಿ ಹೆಸರು ಹೇಳಬೇಕು, ಒಂದು "ಕೊಡ" ಎನ್ನಬೇಕು, ಒಂದು ಬರೀ ಬೆರಳು ತೋರಿಸಿ ಸದ್ದು ಮಾಡಿದರೂ ಸಾಕು. ಯಾರಿಗೆ ಎಷ್ಟು ಎಂಬುದು ಟೀಚರಿಗೆ ಗೊತ್ತಿತ್ತು. ಸಂತೆಯ ದಿನ ಸುತ್ತಿನ ಹಳ್ಳಿಗಳಿಂದ ಗಾಡಿ ಬರುತ್ತವೆ, ಆದ್ದರಿಂದ ತಾಯಂದಿರಿಗೂ ಬರಲು ಆಗುತ್ತಿತ್ತು.

ಮಲ್ಲಿಯ ಪಾಲಿಗೆ ಹಸೀನಾಬಿಯ ಚುರುಮುರಿ ಅಂಗಡಿ. ಟೀಚರ್ ಮೊದಲೇ ಹೇಳಿಟ್ಟಿದ್ದರು. ಹಸೀನಾಬಿ ಅಳತೆಯ ಡಬ್ಬಿ ತುಂಬಿ, ಮಲ್ಲಿಯ ಚೀಲದ ಮೇಲೆ ಹಿಡಿದು, ಹಾಗೇ ನಿಲ್ಲುವುದು. ಟೀಚರ್ ಒಮ್ಮೆ "ಹಾಕ" ಎಂದು ಹೇಳಿ ಸುಮ್ಮನಾಗುವುದು. ಮಲ್ಲಿ ಡಬ್ಬಿ ನೋಡುತ್ತಾಳೆ, ಟೀಚರ ಮುಖ ನೋಡುತ್ತಾಳೆ, ಮತ್ತೆ ಡಬ್ಬಿ ನೋಡುತ್ತಾಳೆ.

"ಯವ್ವಾ, ನನ್ನ ರಟ್ಟಿ ಸೋತುವು. ಲಗೂನ ಅನ್ನ ನನ್ನ ಬಂಗಾರಾ, ಗಿರಾಕಿ ನಿಂತಾರ," ಎಂದಳು ಹಸೀನಾಬಿ.

ಹಿಂದೆ ನಿಂತವರಲ್ಲಿ ಒಬ್ಬ, "ಕೂಸಿನ ಯಾಕ ಕಾಡತಿ ಬೇ, ಹಾಕಿ ಕಳಸ."

"ನೀ ಸುಮ್ಮನಿರಪಾ, ಇದು ಸಾಲಿ ನಡದೈತಿ," ಎಂದು ಅವಳು ಅವನನ್ನೇ ಗದರಿದಳು.

ಮೊದಲ ಸಲ ಬಂದದ್ದು ಬರೀ "ಆ". ಅಷ್ಟಕ್ಕೇ ಚೀಲಕ್ಕೆ ಚುರುಮುರಿ ಬಿತ್ತು, ಟೀಚರ್ ಚಪ್ಪಾಳೆ ತಟ್ಟಿದರು, ಗದರಿಸಿಕೊಂಡ ಗಿರಾಕಿಯೂ ತಟ್ಟಿದ. ಮುಂದೆ "ಆಕ". ಕೆಲವು ಸಂತೆಗಳಾದ ಮೇಲೆ "ಹಾಕ". ಒಂದು ದಿನ ಮನೆಯಲ್ಲಿ ಊಟಕ್ಕೆ ಕೂತಾಗ ಮಲ್ಲಿ ತಟ್ಟೆ ಮುಂದೆ ಚಾಚಿ ನಮ್ಮವ್ವನಿಗೆ "ಹಾಕ" ಎಂದಳು. ನಮ್ಮವ್ವ ಅಳುತ್ತ ಸಾರು ಹಾಕಿದಳು, ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ. ಸುಮಂಗಲಾ ಅಂದು ಮತ್ತೆ ಮತ್ತೆ ಬಡಿಸಿದಳು, ಮಗು ಮತ್ತೆ ಮತ್ತೆ ಕೇಳಲಿ ಎಂದು.

ಇಂಥ ಹೊತ್ತಿನಲ್ಲಿ ತಮ್ಮ ಆಗಮನವಾಯಿತು. ಕೋಣೆಯಲ್ಲಿ ಯಾರೂ ಇಲ್ಲ. ಮೂಲೆಯ ಚಹಾದಂಗಡಿಯ ಲಕ್ಕಪ್ಪನನ್ನು ಕೇಳಿದಿರಿ. ಅವನು ಮುಚ್ಚುಮರೆ ಇಲ್ಲದೆ, "ಟೀಚರ್ ಹುಡುಗರನ್ನ ಕರಕೊಂಡು ಸಂತ್ಯಾಗ ಅದಾರ್ರಿ. ಚುರುಮುರಿ ಅಂಗಡಿ ಕಡೆ ನೋಡ್ರಿ," ಎಂದ. ಸಾಲಿ ನಡೆದಿದೆ ಎಂದು ಅವನ ಅರ್ಥ. ಕೆಲಸ ಬಿಟ್ಟು ಸಂತೆ ಮಾಡುತ್ತಿದ್ದಾರೆ ಎಂದು ನಿಮ್ಮ ಅರ್ಥ. ನೀವು ಬಂದಾಗ ಅಂಗಡಿಯ ಮುಂದೆ ನಾನೂ ನಿಂತಿದ್ದೆ. ಅಂದು ಟೀಚರ್ ಎರಡು ಮಾತು ಕೂಡಿಸಿ ಹೇಳಿಸುತ್ತಿದ್ದರು, "ನನಗ ಹಾಕ" ಎಂದು. ಹಸೀನಾಬಿಯ ಡಬ್ಬಿ ಮೇಲೆ ನಿಂತಿತ್ತು. ಮಲ್ಲಿ "ನ" ಎಂದು ಶುರು ಮಾಡಿದ್ದಳು. ಗಿರಾಕಿಗಳೂ ತಮ್ಮ ಸರದಿ ಬಿಟ್ಟು ಕಾಯುತ್ತಿದ್ದರು.

"ಪಾಪ ಮಗು, ಎಷ್ಟೊತ್ತು ಕಾಯಿಸ್ತೀಯಮ್ಮಾ?" ಎಂದಿರಿ ನೀವು.

ಟೀಚರ್ ಮೆಲ್ಲಗೆ, "ಸರ್, ಒಂದ ನಿಮಿಷ ತಡೀರಿ," ಎಂದರು.

"ನನಗೇ ತಡೀರಿ ಅಂತೀರಾ?" ಎಂದವರೇ ಮೂಟೆಗೆ ಕೈ ಹಾಕಿದಿರಿ, ಹಿಡಿ ತುಂಬ ತೆಗೆದು ಮಗುವಿನ ಚೀಲಕ್ಕೆ ಸುರಿದಿರಿ. ಮಲ್ಲಿಯ ಬಾಯಿ ಮುಚ್ಚಿತು. ಅಷ್ಟು ಜನ ತಡೆದು ನಿಂತು ತೆರೆದ ಬಾಯಿ ಅದು, ಸಾಹೇಬರೇ. ನಿಮ್ಮ ಕರುಣೆಯ ಮೇಲೆ ನನಗೆ ಅನುಮಾನವಿಲ್ಲ. ನಮ್ಮವ್ವನಿಗೂ ಅದೇ ಕರುಣೆ ಇತ್ತು. ಆದರೆ ಅವಳು ಹೇಳಿದರೆ ತಿಳಿದುಕೊಂಡಳು, ಮತ್ತು ಅವಳು ಯಾರಿಗೂ ನೋಟಿಸು ಕಳಿಸುವುದಿಲ್ಲ.

ನೋಟಿಸಿನಲ್ಲಿ ಬರೆದಿದ್ದೀರಿ: ಕರ್ತವ್ಯದ ವೇಳೆಯಲ್ಲಿ ಸ್ವಂತ ಖರೀದಿಯಲ್ಲಿ ತೊಡಗಿದ್ದು ಕಂಡುಬಂದಿದೆ. ಕಂಡುಬಂದಿದ್ದೇನು? ಟೀಚರ ಕೈಯಲ್ಲಿ ಬೆಂಡೆಕಾಯಿಯ ಚೀಲ. ಅದು ಒಂದು ಮಗು ಮೊದಲ ಸಲ ಬಾಯಿಬಿಟ್ಟು ಕೇಳಿ ಪಡೆದ ಬೆಂಡೆಕಾಯಿ. ಹಾಗಾದರೆ ನಿಮ್ಮ ಲೆಕ್ಕದಲ್ಲಿ ಕರ್ತವ್ಯ ಎಂದರೆ ಏನು? ಬಾಗಿಲು ಹಾಕಿದ ಕೋಣೆಯಲ್ಲಿ ಅಳುವ ಮಗುವಿಗೆ ಪೆಂಗ್ವಿನ್ ತೋರಿಸುವುದೇ? ಮಗು ಮಾತಾಡಿತೇ ಎಂದು ನೀವು ಒಬ್ಬ ತಾಯಿಯನ್ನೂ ಕೇಳಲಿಲ್ಲ. ಟೀಚರ್ ಕುರ್ಚಿಯಲ್ಲಿ ಕೂತಿದ್ದರೇ ಎಂದು ಮಾತ್ರ ನೋಡಿದಿರಿ. ಕುರ್ಚಿ ಮಾತಾಡುವುದಿಲ್ಲ, ನೀವು ಎಷ್ಟು ಸಲ ತಪಾಸಣೆ ಮಾಡಿದರೂ.

ಈಗ ಟೀಚರ ಬದಲಿಗೆ ಟಿ.ವಿ. ಕಳಿಸಿದ್ದೀರಿ. ಸಂತೆಯ ದಿನ ಕೇಂದ್ರಕ್ಕೆ ರಜೆ ಮಾಡಿದ್ದೀರಿ, ಬೇರೆ ದಿನ ಬಾಗಿಲು ಹಾಕಿಕೊಂಡು ತರಬೇತಿ. ಟಿ.ವಿ. ಒಳಗಿನ ಹೆಂಗಸು "ಇದೇನು? ಇದು ಹಡಗು" ಎಂದು ತಾನೇ ಕೇಳಿ ತಾನೇ ಉತ್ತರ ಹೇಳಿಕೊಳ್ಳುತ್ತಾಳೆ. ಮಗು ಏನಂದಿತು ಎಂದು ಅವಳಿಗೆ ಕೇಳಿಸುತ್ತದೆಯೇ? ಮಗು ಅರ್ಧ ಹೇಳಿ ನಿಂತರೆ ಅವಳು ತಡೆಯುತ್ತಾಳೆಯೇ? ಅವಳು ನಿಮ್ಮ ಹಾಗೆಯೇ, ಭಾಳ ಅವಸರದವಳು. ಗಾಡಿ ಸಿಗದ ದಿನ ಇಟ್ಟಿದ್ದರಿಂದ ದೂರದ ತಾಯಂದಿರು ಬರುವುದನ್ನೇ ಬಿಟ್ಟಿದ್ದಾರೆ.

ಟೀಚರ್ ಇಲ್ಲದಿದ್ದರೇನು, ಮಾಡುವ ರೀತಿ ನೋಡಿದ್ದೇನಲ್ಲ ಎಂದು ಹೋದ ಸಂತೆಗೆ ಮಲ್ಲಿಯನ್ನು ನಾನೇ ಕರೆದುಕೊಂಡು ಹೋದೆ. ಹಸೀನಾಬಿ ಡಬ್ಬಿ ಹಿಡಿದಳು. ನಾನು "ಹಾಕ ಅನ್ನ. ಅನ್ನಲೇ. ನಿನ್ನೆ ಅಂದಿದ್ದಿ ಹೌದಿಲ್ಲ? ಅನ್ನ" ಎಂದು ಬೆನ್ನುಬಿದ್ದೆ. ಮಲ್ಲಿ ಸುತ್ತ ಯಾರನ್ನೋ ಹುಡುಕಿದಳು. ಆಮೇಲೆ ತುಟಿ ಬಿಗಿದು, ನನ್ನ ಕೈ ಹಿಡಿದು ಡಬ್ಬಿಯ ಕಡೆ ಎಳೆದಳು. ಮಾತು ಬರುವ ಮೊದಲು ರೊಟ್ಟಿಗೆ ಎಳೆಯುತ್ತಿದ್ದಳಲ್ಲ, ಹಾಗೆಯೇ.

"ಫಕೀರೇಶಾ, ಪರೀಕ್ಷಾ ಮಾಡಿದಂಗ ಮಾಡಬ್ಯಾಡೋ," ಎಂದಳು ಹಸೀನಾಬಿ. "ಟೀಚರ್ ಆಟಾ ಆಡತಿದ್ರು. ನೀ ಅಂಜಸಾಕತ್ತಿ."

ಅಂದಿನಿಂದ ಮನೆಯಲ್ಲೂ ಅವಳು "ಹಾಕ" ಎಂದಿಲ್ಲ. ತಟ್ಟೆ ತಳ್ಳಿ ಸುಮ್ಮನೆ ಕೂರುತ್ತಾಳೆ. ಅವ್ವ ಒಂದಿಷ್ಟು ಹೊತ್ತು ತಡೆಯುತ್ತಾಳೆ, ಆಮೇಲೆ ಕಣ್ಣೊರೆಸಿಕೊಂಡು ಬಡಿಸುತ್ತಾಳೆ. ಎಷ್ಟು ತಡೆಯಬೇಕು, ಯಾವಾಗ ನಗಿಸಬೇಕು, ಯಾವ ಸದ್ದಿಗೆ ಕೊಟ್ಟುಬಿಡಬೇಕು ಎಂಬುದು ಕಲಿತವರ ಕೆಲಸ. ಅದು ನನಗೆ ಬರುವುದಿಲ್ಲ, ನಿಮಗೂ ಬರುವುದಿಲ್ಲ. ಬರುವವರನ್ನು ನೀವು ಮನೆಗೆ ಕಳಿಸಿದ್ದೀರಿ. ನಿಮ್ಮ ವಿಚಾರಣೆ ಮುಂದಿನ ವರ್ಷವೂ ನಡೆಯಬಹುದು. ಮಲ್ಲಿಗೆ ಮಾತು ಬರುವ ವಯಸ್ಸು ಅಲ್ಲಿಯವರೆಗೆ ನಿಂತಿರುವುದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ಬಾಯಿಬಿಟ್ಟೇ ಕೇಳುತ್ತಿದ್ದೇನೆ. ನೋಟಿಸು ಹಿಂದಕ್ಕೆ ತೆಗೆದುಕೊಳ್ಳಿ. ಕೇಂದ್ರ ಸಂತೆಯ ದಿನವೇ ನಡೆಯಲಿ, ಮಕ್ಕಳು ಹೊರಗೆ ಹೋಗಲಿ. ಟಿ.ವಿ. ಬೇಕಾದರೆ ನಿಮ್ಮ ಕಚೇರಿಗೆ ತರಿಸಿಕೊಳ್ಳಿ. ಪರಿಶೀಲಿಸಲಾಗುವುದು ಎಂಬ ಉತ್ತರ ಬೇಡ. ಮುಂದಿನ ಸಂತೆಯ ಬೆಳಿಗ್ಗೆ ನಾನು ಮಲ್ಲಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಕುಂದಗೋಳದ ಬಸ್ಸಿನಿಂದ ರುಬಿಯಾ ಟೀಚರ್ ಇಳಿಯಲಿ. ಅದನ್ನೇ ನಿಮ್ಮ ಉತ್ತರವೆಂದು ತಿಳಿಯುತ್ತೇವೆ.

ಇಂತಿ,
ಮಾಮಾ ಎಂದು ಇನ್ನೂ ಕರೆಸಿಕೊಳ್ಳದ ಮಾಮಾ,
ಫಕೀರೇಶ, ಗುಡಗೇರಿ