ಹೆಸರಿನ ದಿನ ಮನೆಯಲ್ಲಿಲ್ಲದವಳು

ಕಮ್ಮಾರರ ಬೀದಿ, ರೀಗಾ
ಡಿಸೆಂಬರ್ 5, ಬೆಳಿಗ್ಗೆ

ಪ್ರೀತಿಯ ಆದಾಮ್,

'ಪ್ರೀತಿಯ' ಎಂದು ಬರೆದು, ಹೊಡೆದುಹಾಕಿ, ಬೇರೆ ಹಾಳೆ ತೆಗೆದುಕೊಂಡು ಮತ್ತೆ ಅದನ್ನೇ ಬರೆದಿದ್ದೇನೆ. ಎರಡು ವರ್ಷದಿಂದ ಫೋನಿನಲ್ಲಿ ಹವಾಮಾನ ಬಿಟ್ಟು ಬೇರೇನೂ ಮಾತಾಡದ ಹೆಂಡತಿಯ ಪತ್ರ ನೋಡಿ ನೀನು ಹೆದರಬೇಡ. ನನಗೇನೂ ಆಗಿಲ್ಲ. ಆದರೆ ನಿನ್ನೆ ಕೆಳಮನೆಯ ವೆಲ್ಟಾ ಕಿಟಕಿಯಿಂದ ನಿನಗೆ ಹೇಳಿದ್ದೆಲ್ಲ ಶುದ್ಧ ಸುಳ್ಳು. ಅದನ್ನು ನಂಬಿಕೊಂಡು ನೀನು ಲಿಯೆಪಾಯಾದಲ್ಲಿ ನಿಶ್ಚಿಂತೆಯಿಂದ ಕೂತುಬಿಟ್ಟರೆ ನನ್ನ ಕಥೆ ಮುಗಿದ ಹಾಗೆಯೇ.

ನಿನ್ನೆ ಎಂದಿನಂತೆ ಬೆಳಿಗ್ಗೆಯೇ ಎದ್ದು ಕೇಸರಿ, ದ್ರಾಕ್ಷಿ ಹಾಕಿ ಹೆಸರಿನ ದಿನದ ಸಿಹಿ ಬ್ರೆಡ್ಡು ಕ್ಲಿಂಗೆರಿಸ್ ಬೇಯಿಸಿದೆ. ಮೇಜಿನ ಮೇಲೆ ನಿನ್ನ ತಾಯಿಯ ಕಪ್ಪುಗಳನ್ನೆಲ್ಲ ಜೋಡಿಸಿದೆ. ಈ ಹೆಸರಿನ ದಿನದ ಪದ್ಧತಿ ಮಾಡಿದವರು ಯಾರೋ, ಅವರನ್ನು ಹಿಡಿದು ಕೇಳಬೇಕು ಅನ್ನಿಸುತ್ತದೆ. ಹುಟ್ಟುಹಬ್ಬವಾದರೆ ನಾವೇ ಕರೆಯುತ್ತೇವೆ. ಬಾರದಿದ್ದರೆ ಕೋಪ ಮಾಡಿಕೊಳ್ಳಬಹುದು. ಹೆಸರಿನ ದಿನಕ್ಕೆ ಯಾರನ್ನೂ ಕರೆಯುವ ಹಾಗಿಲ್ಲ. ಕ್ಯಾಲೆಂಡರಿನಲ್ಲಿ ಆ ತಾರೀಕಿನ ಕೆಳಗೆ 'ಬೈಬಾ' ಎಂದು ಅಚ್ಚಾಗಿರುವುದನ್ನು ನೋಡಿ ನೆನಪಾದವರು ತಾವಾಗಿ ಬರಬೇಕು, ನಾವು ಕಾಫಿ ಕಾಸಿಕೊಂಡು ಬಾಗಿಲು ನೋಡುತ್ತಿರಬೇಕು. ನಾನು ಟೋಪಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಮನೆ ತುಂಬ ಜನ ಬರುತ್ತಿದ್ದರಲ್ಲ. ಕಳೆದ ವರ್ಷ ವೆಲ್ಟಾ ಒಬ್ಬಳೇ ಬಂದು ಎರಡು ತುಂಡು ತಿಂದು ತನ್ನ ಮಂಡಿ ನೋವಿನ ಬಗ್ಗೆ ಮಾತಾಡಿ ಹೋದಳು.

ನಿನ್ನೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗಲೆಲ್ಲ ಎದ್ದು ನಿಂತೆ. ಎಲ್ಲ ಹೆಜ್ಜೆಗಳೂ ಮೇಲಿನ ಬಾಡಿಗೆ ಕೋಣೆಗಳಿಗೆ ಹೋದವು. ನಿಜ ಹೇಳುತ್ತೇನೆ, ನಾನು ಕಾಯುತ್ತಿದ್ದದ್ದು ನಿನ್ನನ್ನು, ಬೇರೆ ಯಾರನ್ನೂ ಅಲ್ಲ. ಮಧ್ಯಾಹ್ನದ ಹೊತ್ತಿಗೆ ತಡೆಯಲಾಗಲಿಲ್ಲ. ಮನೆಯಲ್ಲಿದ್ದರೆ ತಾನೇ ಯಾರೂ ಬರಲಿಲ್ಲ ಅಂತ ಗೊತ್ತಾಗೋದು? ಕೋಟು ಹಾಕಿಕೊಂಡು ಬೀಗ ಜಡಿದು ಹೊರಟೆ. ಹೆಸರಿನ ದಿನ ಬೀಗ ಹಾಕಿದವಳು ಇಡೀ ಲಾಟ್ವಿಯಾದಲ್ಲಿ ನಾನೊಬ್ಬಳೇ ಇರಬೇಕು.

ಎಲ್ಲಿಗೆ ಹೋಗಲಿ? ನಮ್ಮ ಹಳೆ ಪಟ್ಟಣದಲ್ಲಿ ತಪ್ಪಿಸಿಕೊಳ್ಳೋಣ ಎಂದರೆ ಜಾಗವೇ ಇಲ್ಲ, ಎತ್ತ ತಿರುಗಿದರೂ ತಿರುತಿರುಗಿ ನಮ್ಮ ಬಾಗಿಲಿಗೇ ತಂದು ನಿಲ್ಲಿಸುತ್ತದೆ. ಸೇಂಟ್ ಪೀಟರ್ ಚರ್ಚನ್ನು ಸುತ್ತಿದೆ, ಡೋಮ್ ಚೌಕದ ಕ್ರಿಸ್ಮಸ್ ಸಂತೆಯೊಳಗೆ ನುಗ್ಗಿ ಆಚೆ ಬಂದೆ. ಆಕಾಶದಿಂದ ಹಿಮವೂ ಅಲ್ಲದ ಮಳೆಯೂ ಅಲ್ಲದ ಏನೋ ಸುರಿಯುತ್ತಿತ್ತು. ಎಲ್ಲರೂ ಜೋಡಿ ಜೋಡಿಯಾಗಿ ಬಿಸಿ ದ್ರಾಕ್ಷಾರಸ ಕುಡಿಯುತ್ತಿದ್ದರು. ಹುಟ್ಟಿ ಬೆಳೆದ ಊರಿನಲ್ಲಿ ನನ್ನನ್ನು ನೋಡಿ ತಲೆಯಾಡಿಸುವ ಒಂದು ಮುಖವೂ ಇರಲಿಲ್ಲ, ಆದಾಮ್.

ಚರ್ಚಿನ ಹಿಂದೆ, ಪ್ರವಾಸಿಗರು ಮೂಗು ಉಜ್ಜಿ ಉಜ್ಜಿ ಹೊಳಪು ಬರಿಸಿದ ಆ ಕತ್ತೆಯ ಪ್ರತಿಮೆಯಿದೆಯಲ್ಲ, ಅಲ್ಲಿ ಒಂದು ಗುಂಪು ನಿಂತಿತ್ತು. ವಾಲ್ಮಿಯೆರಾದಿಂದ ಬಸ್ಸು ಮಾಡಿಕೊಂಡು ಬಂದ ನಿವೃತ್ತ ಮೇಷ್ಟರು, ಮೇಡಂಗಳು. ಗೈಡ್ ಹುಡುಗಿ ಆಗ್ನೆಸೆ ಎಲ್ಲರಿಗೂ ಹಳದಿ ಪ್ಲಾಸ್ಟಿಕ್ ರೇನ್‌ಕೋಟು ಹಂಚುತ್ತಿದ್ದವಳು, ಪಕ್ಕದಲ್ಲಿ ನಿಂತ ನನಗೂ ಒಂದು ಕೊಟ್ಟುಬಿಟ್ಟಳು. ನಾನು ಬೇಡ ಅನ್ನಲಿಲ್ಲ. ಯಾರೋ ನನ್ನನ್ನು ಲೆಕ್ಕಕ್ಕೆ ಸೇರಿಸಿಕೊಂಡರಲ್ಲ ಎಂದು ಸುಖವಾಯಿತು. ಹಾಗೇ ಅವರ ಹಿಂದೆ ಹೊರಟೆ.

ಒಬ್ಬ ಮೇಡಂ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು ಹೆಸರು ಕೇಳಿದರು. ಬೈಬಾ ಅನ್ನುವುದು ಹೇಗೆ? ಅಂದ ತಕ್ಷಣ ಇಡೀ ಗುಂಪು ಕೈ ಕುಲುಕಿ ಶುಭಾಶಯ ಹೇಳಿ, ಇವತ್ತು ಮನೆಯಲ್ಲಿರುವುದು ಬಿಟ್ಟು ಇಲ್ಲೇನು ಮಾಡುತ್ತಿದ್ದೀರಿ ಎಂದು ಕೇಳುತ್ತಿತ್ತು. ಅನ್ನಾ ಎಂದೆ. ಅನ್ನಾ ದಿನ ಜುಲೈಯಲ್ಲಿ, ಯಾರಿಗೂ ತೊಂದರೆಯಿಲ್ಲ. ಊರು ಯಾವುದು ಅಂದಾಗ ಬಾಯಿಗೆ ಲಿಯೆಪಾಯಾ ಎಂದೇ ಬಂತು, ಯಾಕೆಂದು ನಿನಗೇ ಗೊತ್ತು. ಆಗ್ನೆಸೆ ಕೇಳಿಸಿಕೊಂಡು, "ಓ, ಗಾಳಿಯೂರು ಲಿಯೆಪಾಯಾದವ್ರಾ? ಅದಕ್ಕೇ ಈ ಗಾಳಿ! ನಿಮ್ಮ ಜೊತೇಲೇ ಬಸ್ಸು ಹತ್ತಿ ಬಂದಿದೆ ಬಿಡಿ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಹೀಗೆ ತಿರುಗುತ್ತಾ ಗುಂಪು ನಮ್ಮ ಕಮ್ಮಾರರ ಬೀದಿಗೇ ಬಂದು ನಮ್ಮ ಮನೆಯ ಎದುರಿಗೇ ನಿಂತಿತು. ಯಾರೋ ಕೇಳಿದರು, ಇಂಥ ಮನೆಗಳಲ್ಲಿ ಈಗಲೂ ಜನ ಇದ್ದಾರಾ ಅಂತ. ಆಗ್ನೆಸೆ, "ಇಲ್ಲ ಬಿಡಿ, ಹಳಬರೆಲ್ಲ ಯಾವಾಗಲೋ ಖಾಲಿ ಮಾಡ್ಕೊಂಡು ಹೋದ್ರು. ಈಗ ಇಲ್ಲಿ ಯಾರೂ ಇಲ್ಲ" ಎಂದಳು. ಆಗಲೇ ನಮ್ಮದೇ ಮನೆಯ ಬಾಗಿಲಿನಲ್ಲಿ ಒಬ್ಬ ಮನುಷ್ಯ ನಮಗೆ ಬೆನ್ನು ಮಾಡಿ ಕರೆಗಂಟೆ ಒತ್ತುತ್ತಿರುವುದು ಕಂಡಿತು.

ಹೌದು, ನಿನ್ನನ್ನು ನಾನು ನೋಡಿದೆ. ಮದುವೆಗಳಿಗೆ ಮಾತ್ರ ಹಾಕುವ ಬೂದು ಕೋಟು, ಕೈಯಲ್ಲಿ ಹಳದಿ ಫ್ರೀಸಿಯಾ ಹೂ. ನೀನು ಮತ್ತೆ ಒತ್ತಿದೆ, ಹಿಂದಕ್ಕೆ ಸರಿದು ಕಿಟಕಿ ನೋಡಿದೆ, ಮತ್ತೆ ಒತ್ತಿದೆ. ವೆಲ್ಟಾ ತನ್ನ ಕಿಟಕಿ ತೆರೆದು ತಲೆ ಹಾಕಿದಳು.

"ಬೈಬಾ ಇಲ್ಲ ಕಣೋ ಆದಾಮ್. ಗೆಳತೀರೆಲ್ಲ ದಂಡು ಕಟ್ಕೊಂಡು ಬಂದು ಎಳ್ಕೊಂಡು ಹೋದ್ರು. ಅವಳೀಗ ಕೈಗೇ ಸಿಗಲ್ಲ ಮಾರಾಯ!"

"ಹೌದಾ," ಎಂದೆ ನೀನು. "ಚೆನ್ನಾಗಿದ್ದಾಳೆ ಅಂತಾಯ್ತು. ನಾನೇ ಸುಮ್ನೆ ಏನೇನೋ ಅಂದ್ಕೊಂಡು ಬಂದೆ."

ಆಗ ಫ್ಲಾಸ್ಕಿನ ಮೇಡಂ ನನ್ನ ತೋಳು ತಟ್ಟಿ, "ನೋಡಿ ಅನ್ನಾ, ಪಾಪ, ಹೆಸರಿನ ದಿನ ಅಂತ ಹೂ ಹಿಡ್ಕೊಂಡು ಬಂದಿದಾನೆ, ಅವಳು ಮನೇಲೇ ಇಲ್ವಂತೆ. ಎಂಥಾ ಹೆಂಗಸಿರಬೇಕು!" ಎಂದರು. ನಾನು ಹೌದು ಹೌದು ಎಂದು ತಲೆಯಾಡಿಸಿದೆ.

ಕೂಗಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ನೀನು ತಿರುಗಿ ನೋಡಿ 'ಬೈಬಾ' ಎಂದರೆ, ಗೆಳತಿಯರು ಎಳೆದುಕೊಂಡು ಹೋದ ಬೈಬಾ ಇದೋ ಇಲ್ಲಿ, ಗುರುತು ಪರಿಚಯವಿಲ್ಲದವರ ನಡುವೆ ಹೆಸರು ಬದಲಾಯಿಸಿಕೊಂಡು ನಿಂತಿದ್ದಾಳೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು, ಮುಖ್ಯವಾಗಿ ನಿನಗೆ. ಇನ್ನೊಂದು ಭಯವೂ ಇತ್ತು. ನೀನು ಬರೀ ಮರ್ಯಾದೆಗೆ ಬಂದಿದ್ದು, ಕಾಫಿ ಕುಡಿದು ಸಂಜೆಯ ಬಸ್ಸಿಗೆ ಹೊರಟುಬಿಟ್ಟರೆ? ನೀನು ಹೂವನ್ನು ವೆಲ್ಟಾಳ ಕೈಗೆ ಕೊಟ್ಟು, ಬಸ್ ನಿಲ್ದಾಣದ ಕಡೆಗೆ ತಿರುಗಿದಾಗ ನಿನ್ನ ಕಣ್ಣು ಹಳದಿ ರೇನ್‌ಕೋಟುಗಳ ಮೇಲೆ ಹಾದು ನನ್ನನ್ನು ದಾಟಿ ಮುಂದೆ ಹೋಯಿತು. ನಾನು ಗುಂಪಿನ ಜೊತೆ ಅವರ ಬಸ್ಸಿನವರೆಗೂ ನಡೆದೆ. ನನ್ನ ಮನೆ ಹಿಂದೆ ಉಳಿಯಿತು. ಎಂಥಾ ಮೂರ್ಖಳು ನೋಡು.

ವೆಲ್ಟಾಳನ್ನು ಬೈಯಬೇಡ. ನಾನು ಒಂಟಿಯಾಗಿ ಬೀದಿ ಸುತ್ತುತ್ತಿದ್ದೇನೆ ಎಂದು ನಿನಗೆ ಹೇಳಲು ಅವಳಿಗೆ ಮನಸ್ಸಾಗಲಿಲ್ಲವಂತೆ. ನನ್ನ ಮಾನ ಕಾಪಾಡಿದೆ ಎಂದೇ ಅವಳ ಲೆಕ್ಕ. ಆ ಮಾನ ಇಟ್ಟುಕೊಂಡು ನಾನೇನು ಮಾಡಲಿ? ಗೆಳತಿಯರೂ ಇಲ್ಲ, ದಂಡೂ ಇಲ್ಲ. ನಾನು ಚೆನ್ನಾಗಿಲ್ಲ, ಆದಾಮ್. ಬೇಸಿಗೆ ಕಳೆದು ಬರುತ್ತೇನೆ ಎಂದು ಲಿಯೆಪಾಯಾದ ನಿನ್ನ ತಾಯಿಯ ಮನೆಗೆ ಹೋದವನು ನೀನು, ಅಲ್ಲೇ ಉಳಿದೆ. ಬಾ ಎಂದು ನೀನು ಕರೆದಾಗ, ಈ ಬೀದಿಗಳನ್ನು ಬಿಟ್ಟು ನಾನು ಬದುಕಲಾರೆ ಎಂದಿದ್ದೆ. ನಿನ್ನೆ ಆ ಬೀದಿಗಳನ್ನೆಲ್ಲ ನಡೆದು ನೋಡಿದೆ. ಬಿಟ್ಟು ಬದುಕಬಹುದು ಅನ್ನಿಸಿತು.

ಇಂತಿ,
ನಿನ್ನ
ಬೈಬಾ

ಮರೆತಿದ್ದೆ: ಇಪ್ಪತ್ತನಾಲ್ಕನೇ ತಾರೀಕು ನಿನ್ನ ಹೆಸರಿನ ದಿನ. 'ಕ್ರಿಸ್ಮಸ್ಸಿನ ಹಿಂದಿನ ಸಂಜೆ ಯಾರು ತಾನೇ ತಮ್ಮ ಮನೆ ಬಿಟ್ಟು ಹೊರಡುತ್ತಾರೆ, ಹುಟ್ಟಿದಾಗಿನಿಂದ ನನ್ನ ದಿನಕ್ಕೆ ಒಬ್ಬರೂ ಬಂದಿಲ್ಲ' ಎಂದು ನೀನು ಪ್ರತಿ ವರ್ಷ ಗೊಣಗುತ್ತಿದ್ದೆಯಲ್ಲ. ಈ ಸಲ ಒಬ್ಬಳು ಬರುತ್ತಾಳೆ. ನೀನು ಕರೆಯುವ ಹಾಗಿಲ್ಲ, ಬೇಡ ಎನ್ನುವ ಹಾಗೂ ಇಲ್ಲ. ದಯವಿಟ್ಟು ಮನೆಯಲ್ಲಿರು.